ವಾಪಸ್ ಕೇಳುವುದಿಲ್ಲ ಎಂಬ ಕಾಗದ

ನಿವೃತ್ತಿ ಎಂಬ ಮಾತು ಮೂವತ್ತೈದರ ಹೆಂಗಸಿಗೆ ಒಗ್ಗುವುದಿಲ್ಲ ಎಂದು ನನ್ನ ಗಂಡ ನಗುತ್ತಾರೆ. ಇರಬಹುದು. ಆದರೆ ದೇವನಹಳ್ಳಿಯ ಹಳೇ ಬಸ್ ನಿಲ್ದಾಣದ ಹತ್ತಿರ, ಜೆರಾಕ್ಸ್ ಅಂಗಡಿಯ ಮಹಡಿಯ ಮೇಲಿದ್ದ ಆಫೀಸಿನಲ್ಲಿ ಹನ್ನೆರಡು ವರ್ಷ ಮಾಡಿದ ಕೆಲಸಕ್ಕೆ ನಾನಿನ್ನು ವಾಪಸ್ ಹೋಗುವವಳಲ್ಲ. ನನ್ನ ಕುರ್ಚಿಗೆ ಈಗ ಒಬ್ಬ ಹುಡುಗಿ ಬಂದಿದ್ದಾಳೆ. ಮೊದಲ ವಾರದಲ್ಲೇ ಫೋನ್ ಮಾಡಿ, "ಅಕ್ಕ, ಈ ಕೆಲಸದಲ್ಲಿ ಮುಖ್ಯವಾಗಿ ಏನು ಕಲೀಬೇಕು?" ಎಂದು ಕೇಳಿದಳು. "ಅನುಮಾನ ಪಡೋದು" ಎಂದೆ. ತಮಾಷೆ ಎಂದುಕೊಂಡಳು. ಅವಳಿಗೂ, ಅವಳಂತೆ ಹೊಸದಾಗಿ ಈ ಕೆಲಸಕ್ಕೆ ಬರುವವರಿಗೂ ಇದನ್ನು ಬರೆಯುತ್ತಿದ್ದೇನೆ.

ಕೆಲಸ ಇಷ್ಟೇ. ಕೆನಡಾಕ್ಕೋ ಇನ್ನೆಲ್ಲಿಗೋ ನೆಲೆಸಲು ಹೋಗುವವರು, ಅಲ್ಲಿ ಇಳಿದ ಮೇಲೆ ಕೆಲವು ತಿಂಗಳು ಬದುಕುವಷ್ಟು ಹಣ ತಮ್ಮಲ್ಲಿದೆ ಎಂದು ತೋರಿಸಬೇಕು. ಅದು ಸಾಲದ ಹಣ ಆಗಿರಕೂಡದು. ಅಪ್ಪ, ಅಮ್ಮ, ಚಿಕ್ಕಪ್ಪ, ಸೋದರಮಾವ ಯಾರಾದರೂ ಕೊಟ್ಟಿದ್ದರೆ, ಅದು ಉಡುಗೊರೆ, ವಾಪಸ್ ಕೇಳುವುದಿಲ್ಲ ಎಂದು ಕೊಟ್ಟವರು ಬರೆದುಕೊಡಬೇಕು. ಅವರ ಕೈಗೆ ಆ ಹಣ ಎಲ್ಲಿಂದ ಬಂತು, ಪಡೆಯುವವರಿಗೆ ಅವರು ಏನಾಗಬೇಕು, ಎರಡಕ್ಕೂ ದಾಖಲೆ ಬೇಕು. ಆ ದಾಖಲೆಗಳನ್ನು ಕೂಡಿಸಿ, ಓದಿ, ಸುಳ್ಳಿದ್ದರೆ ಪತ್ತೆ ಹಚ್ಚುವುದು ನನ್ನ ಪಾಲಿನದು. ನಾವು ಪತ್ತೆ ಹಚ್ಚದಿದ್ದರೆ ಆ ದೇಶದ ಅಧಿಕಾರಿ ಹಚ್ಚುತ್ತಾನೆ. ಆಮೇಲೆ ಐದು ವರ್ಷ ಆ ಕಡೆ ತಲೆ ಹಾಕುವಂತಿಲ್ಲ.

ಮೊದಲಿನಿಂದಲೂ ದಿನಚರಿ ಬರೆಯುವ ಅಭ್ಯಾಸ ನನಗೆ. ಕೆಲಸ ಬಿಟ್ಟ ಸಂಜೆ ಕೂತು ಎಣಿಸಿದೆ. ನಾನೂರ ಹನ್ನೆರಡು ಉಡುಗೊರೆ ಪತ್ರ ನನ್ನ ಕೈಯಲ್ಲಿ ಹೋಗಿವೆ. ಓದಿದ ಕೂಡಲೇ ಪೂರ್ತಿ ನಂಬಿದ್ದು ಮೂವತ್ತೊಂಬತ್ತನ್ನು.

ನಮ್ಮ ಆಫೀಸಿನ ಯಜಮಾನರು ಶ್ರೀಧರ್ ಸರ್. ಹಿಂದೆ ಸಹಕಾರ ಸಂಘವೊಂದರಲ್ಲಿ ಸಾಲ ವಸೂಲಿ ಮಾಡುತ್ತಿದ್ದವರು. ಮನುಷ್ಯರು ಬಾಗಿಲು ಹಾಕಿಕೊಂಡು ಒಳಗಿದ್ದೇ "ಊರಲ್ಲಿಲ್ಲ" ಅನ್ನಿಸುವುದನ್ನು ಇಪ್ಪತ್ತು ವರ್ಷ ಕಂಡಿದ್ದರು. ನಾನು ಸೇರಿದ ದಿನ ಒಂದೇ ಮಾತು ಹೇಳಿದರು: "ಶುಭಾ, ಮಗು ನೋಡಿದ ತಕ್ಷಣ ಯಾರ ಮಗ ಅಂತ ಕೇಳಲ್ವಾ? ದುಡ್ಡನ್ನೂ ಹಂಗೇ ಕೇಳ್ಬೇಕು. ಹೆತ್ತವರು ಸಿಗೋವರೆಗೂ ಬಿಡ್ಬಾರ್ದು."

ಕೇಳುವುದನ್ನು ಕಲಿತದ್ದು ಹೊಸಕೋಟೆಯ ಒಬ್ಬರಿಂದ. ಹುಡುಗನ ಸೋದರಮಾವ ಎಂದು ಹೇಳಿಕೊಂಡು ಬಂದಿದ್ದರು. ಬಿಳಿ ಷರಟು, ಕೈಗೆ ದಪ್ಪ ಕಡಗ. ಅಳಿಯನಿಗೆ ಆರು ಲಕ್ಷ ಪ್ರೀತಿಯಿಂದ ಕೊಟ್ಟಿದ್ದೇನೆ ಎಂದರು. ಕಾಗದಗಳೆಲ್ಲ ಕ್ರಮವಾಗಿಯೇ ಇದ್ದವು. ನಾನು ಬರೆದುಕೊಳ್ಳುತ್ತಾ, "ಹುಡುಗನ ತಾಯಿ ಹೆಸರು ಹೇಳಿ ಸರ್" ಎಂದೆ.

"ನಮ್ಮಕ್ಕ ಮೇಡಂ."

"ಹೌದು ಸರ್, ಹೆಸರು?"

"ಅಕ್ಕ ಅಂತ್ಲೇ ಕರೆಯೋದು ಚಿಕ್ಕ ವಯಸ್ಸಿಂದ."

"ರೇಷನ್ ಕಾರ್ಡಲ್ಲಿ ಏನಂತಿದೆ?"

ಅವರು ಮೇಜಿನ ಕೆಳಗೆ ಫೋನ್ ಹಿಡಿದು ಅಳಿಯನಿಗೆ ಮೆಸೇಜು ಕಳಿಸುತ್ತಿದ್ದರು. ಅಳಿಯ ಹೊರಗಿನ ಬೆಂಚಿನ ಮೇಲೆಯೇ ಕೂತಿದ್ದ. ಅವನ ಫೋನು ಟಿಣ್ ಅಂದದ್ದು ನನಗೂ ಕೇಳಿಸಿತು. ಅವರು ಮಾವನಲ್ಲ. ಎರಡು ತಿಂಗಳ ಮಟ್ಟಿಗೆ ಖಾತೆಗೆ ಹಣ ಹಾಕಿ, ಬಡ್ಡಿ ಸಮೇತ ವಾಪಸ್ ಪಡೆಯುವುದು ಅವರ ವ್ಯಾಪಾರ. ಅಂಥವರು ಇಲ್ಲಿ ಒಬ್ಬಿಬ್ಬರಲ್ಲ. ಅಂದಿನಿಂದ ನಾನು ಕಾಗದ ನೋಡುವ ಮೊದಲು ಮನುಷ್ಯರನ್ನು ಮಾತಾಡಿಸತೊಡಗಿದೆ. ಕೊಡುವವರನ್ನು ಪಡೆಯುವವರಿಂದ ದೂರ ಕೂರಿಸಬೇಕು. ಅದು ಮೊದಲ ನಿಯಮ.

ಆಗೆಲ್ಲ ಉಡುಗೊರೆ ಪತ್ರಕ್ಕೆ ಸರ್ ಅವರದೇ ಒಂದು ನಮೂನೆ ಇತ್ತು. "ಸಹಜವಾದ ಪ್ರೀತಿ ವಾತ್ಸಲ್ಯಗಳಿಂದ ಪ್ರೇರಿತನಾಗಿ" ಎಂದು ಶುರುವಾಗುತ್ತಿತ್ತು. ಅವರಿಗೆ ಅದರ ಮೇಲೆ ಬಹಳ ಹೆಮ್ಮೆ. ಒಮ್ಮೆ ಒಂದೇ ವಾರದಲ್ಲಿ ನಮ್ಮ ಮೂರು ಅರ್ಜಿಗಳಿಗೆ ಪ್ರಶ್ನೆ ಬಂತು: ಒಬ್ಬರಿಗೊಬ್ಬರು ಗೊತ್ತೇ ಇಲ್ಲದ ಮೂರು ಮನೆಯವರಿಗೆ ಒಂದೇ ಪದಗಳಲ್ಲಿ ಪ್ರೀತಿ ಉಕ್ಕಿದ್ದು ಹೇಗೆ? ಸರ್ ಎರಡು ದಿನ ಯಾರ ಜೊತೆಯೂ ಮಾತಾಡಲಿಲ್ಲ. ಮೂರನೇ ದಿನ ಪದ್ಧತಿ ಬದಲಾಯಿತು. ಕೊಡುವವರು ತಮ್ಮ ಬಾಯಲ್ಲಿ ಹೇಳಬೇಕು, ನಾನು ಬರೆದುಕೊಳ್ಳಬೇಕು, ಅದನ್ನೇ ಇಂಗ್ಲಿಷಿಗೆ ತರಬೇಕು.

ಅದರ ಫಜೀತಿ ಬೇರೆ. ದೊಡ್ಡಬಳ್ಳಾಪುರದ ಮಧುರೆ ಕಡೆಯ ಒಬ್ಬ ಚಿಕ್ಕಪ್ಪನನ್ನು ಯಾಕೆ ಕೊಡುತ್ತಿದ್ದೀರಿ ಎಂದು ಕೇಳಿದೆ. "ಇವ್ನು ಊರ್ ಬಿಟ್ರೆ ಸಾಕು ಅಂತ. ಬರ್ಕೊಳಮ್ಮ, ಏನು ಮುಖ ನೋಡ್ತೀಯ?" ಎಂದರು. ಅವರ ಮಾತನ್ನು ನಾನು ಕೇಳಿದ ಕೂಡಲೇ ನಂಬಿದೆ. "ಅವನ ಭವಿಷ್ಯ ಬೇರೆ ಕಡೆ ಚೆನ್ನಾಗಿರಲೆಂದು" ಎಂದು ಬರೆದು, ಅವರಿಗೆ ಓದಿ ಹೇಳಿ, ಸಹಿ ಹಾಕಿಸಿಕೊಂಡೆ.

ಇಷ್ಟೆಲ್ಲ ಹೇಳಿದ್ದು ನೇತ್ರಾಳ ವಿಷಯಕ್ಕೆ ಬರಲು. ಹನ್ನೆರಡು ವರ್ಷದಲ್ಲಿ ನನ್ನ ಅನುಮಾನ ಪೂರ್ತಿ ಉಲ್ಟಾ ಹೊಡೆದದ್ದು ಅದೊಂದರಲ್ಲಿ.

ನೇತ್ರಾ ದೊಡ್ಡಬಳ್ಳಾಪುರದ ಹತ್ತಿರ ಗುಲಾಬಿ ಬೆಳೆಯುವ ಪಾಲಿಹೌಸಿನಲ್ಲಿ ಸೂಪರ್‌ವೈಸರ್. ಊರು ನಮ್ಮ ದೇವನಹಳ್ಳಿ ತಾಲ್ಲೂಕಿನದೇ ಚನ್ನರಾಯಪಟ್ಟಣ ಹೋಬಳಿ. ತೋಟಗಾರಿಕೆ ಓದಿ, ಎಂಟು ವರ್ಷ ಅದೇ ಕೆಲಸ ಮಾಡಿ, ಸ್ವಂತವಾಗಿ ಅರ್ಜಿ ಹಾಕಿಕೊಂಡಿದ್ದಳು. ಕಾರ್ತಿಕ ಮಾಸದ ಒಂದು ಬುಧವಾರ ಆಫೀಸಿಗೆ ಬಂದಾಗ ಅವಳಿಗೆ ಪೂರ್ತಿ ಅರ್ಜಿ ಸಲ್ಲಿಸಿ ಎಂಬ ಕೆನಡಾದ ಕರೆ ಬಂದು ಆಗಲೇ ಐದು ವಾರ ಕಳೆದಿತ್ತು. ಎರಡು ತಿಂಗಳೊಳಗೆ ಎಲ್ಲ ದಾಖಲೆ ಸಲ್ಲಿಸಬೇಕು, ಇಲ್ಲದಿದ್ದರೆ ಕರೆ ಬಿದ್ದುಹೋಗುತ್ತದೆ. ಮತ್ತೆ ಬರುತ್ತದೆ ಎಂಬ ಭರವಸೆ ಇಲ್ಲ. ಅವಳ ಉಳಿತಾಯ ನಾಲ್ಕು ಲಕ್ಷ, ಸಾಲದು. ಉಳಿದ ಎಂಟು ಲಕ್ಷ ತಾಯಿ ಕೊಡುತ್ತಾರೆ ಎಂದಳು.

ತಾಯಿಯ ಪಾಸ್‌ಬುಕ್ ನೋಡಿದೆ. ಜಯಮ್ಮನವರ ಖಾತೆಯಲ್ಲಿ ವರ್ಷವಿಡೀ ಡೇರಿಯ ಹಾಲಿನ ಹಣ ಬಿಟ್ಟರೆ ಬೇರೇನೂ ಇಲ್ಲ. ಹಿಂದಿನ ಶುಕ್ರವಾರ ಒಂದೇ ಸಲಕ್ಕೆ ಎಂಟು ಲಕ್ಷ, ಮಗ ಕೆಂಪರಾಜುವಿನ ಖಾತೆಯಿಂದ.

ನನಗೆ ತಕ್ಷಣ ಹೊಳೆದದ್ದು ಸಾಲ. ಅಣ್ಣ ಎಲ್ಲೋ ತಂದು ತಾಯಿಯ ಖಾತೆಯಲ್ಲಿ ನಿಲ್ಲಿಸಿದ್ದಾನೆ. ತಾಯಿ ಕೊಟ್ಟರೆ ಯಾರೂ ಪ್ರಶ್ನಿಸುವುದಿಲ್ಲ. ಆಮೇಲೆ ಇವಳು ಅಲ್ಲಿ ದುಡಿದು ತೀರಿಸಬೇಕು.

"ನಿಮ್ಮ ತಾಯಿಯವರನ್ನ ಕರ್ಕೊಂಡು ಬನ್ನಿ" ಎಂದೆ.

"ಬರ್ತಾರೆ ಮೇಡಂ. ಅಣ್ಣಾನೂ ಬರ್ತಾನೆ. ಅಂಗೇ ಸೋಮವಾರ ಸಬ್‌ರಿಜಿಸ್ಟ್ರಾರ್ ಆಫೀಸಲ್ಲಿ ಗಿಫ್ಟ್ ಪೇಪರ್ ರಿಜಿಸ್ಟರ್ ಮಾಡಿಸ್ತಾನಂತೆ. ಅದರ ಕಾಪಿ ನಿಮ್ಗೆ ಕೊಟ್ರೆ ಆಯ್ತಲ್ಲ?"

ನನ್ನ ಪೆನ್ನು ನಿಂತಿತು. ಹಣದ ಉಡುಗೊರೆಗೆ ನೋಂದಣಿ ಬೇಕಾಗಿಲ್ಲ. ನೋಟರಿ ಮುಂದೆ ಮಾಡಿದ ಪ್ರಮಾಣಪತ್ರ ಸಾಕು. ಬ್ಯಾಂಕ್ ವರ್ಗಾವಣೆಯೇ ಉಳಿದದ್ದನ್ನು ಹೇಳುತ್ತದೆ. ನಾನೂರು ಚಿಲ್ಲರೆ ಮನೆಯವರಲ್ಲಿ ಯಾರೂ ಇದಕ್ಕಾಗಿ ಸಬ್‌ರಿಜಿಸ್ಟ್ರಾರ್ ಆಫೀಸಿನ ಮೆಟ್ಟಿಲು ಹತ್ತಿರಲಿಲ್ಲ. ಅಲ್ಲಿಗೆ ಹೋಗುವುದು ಜಮೀನಿನ ವಿಷಯಕ್ಕೆ.

"ಸೈನ್ ಯಾರ್ಯಾರು ಹಾಕ್ಬೇಕಂತೆ?"

"ಅಮ್ಮ, ನಾನು."

ಶುಕ್ರವಾರ ಬನ್ನಿ ಎಂದಷ್ಟೇ ಹೇಳಿದೆ. ಗೊತ್ತಿಲ್ಲದೆ ಬಾಯಿ ಬಿಡಬಾರದು.

ಶುಕ್ರವಾರ ಮೂವರೂ ಬಂದರು. ಕೆಂಪರಾಜು ಎತ್ತರದ ಮನುಷ್ಯ, ನಗುಮುಖ, ಕೈಯಲ್ಲಿ ಎರಡು ಫೋನು. ನೇತ್ರಾ ಹೊರಗೆ ಬೆಂಚಿನ ಮೇಲೆ ಕೂತಳು. ನಾನು ಜಯಮ್ಮನವರನ್ನು ಮಾತ್ರ ಒಳಗೆ ಕರೆದೆ. ಕೆಂಪರಾಜು ಜೊತೆಯಲ್ಲೇ ಬಂದು ಪಕ್ಕದ ಕುರ್ಚಿ ಎಳೆದುಕೊಂಡ.

"ಅಮ್ಮಂಗೇನೂ ಗೊತ್ತಾಗಲ್ಲ ಮೇಡಂ. ಕೇಳೋದು ನನ್ನ ಕೇಳಿ."

"ಕೊಡ್ತಿರೋದು ಅವರಲ್ವಾ?"

"ಅವರೇ. ಆದ್ರೆ ಬ್ಯಾಂಕು ಗೀಂಕು ಎಲ್ಲಾ ನೋಡ್ಕೊಳೋದು ನಾನು."

ಇಂಥವರಿಗೆಂದೇ ನನ್ನ ಬಳಿ ಒಂದು ಉಪಾಯವಿತ್ತು. ಹೊಸ ಹುಡುಗಿಯರೇ, ಇದನ್ನು ಕಲಿತುಕೊಳ್ಳಿ. "ಸರಿ. ಅಮ್ಮನ ಆಧಾರ್ ಜೆರಾಕ್ಸ್ ಬೇಕಿತ್ತು, ಎರಡೂ ಕಡೆ. ಕೆಳಗೇ ಅಂಗಡಿ ಇದೆ" ಎಂದೆ. ಕೆಳಗಿನ ಅಂಗಡಿಯಲ್ಲಿ ಯಾವಾಗಲೂ ಜನ. ಹತ್ತು ನಿಮಿಷಕ್ಕೆ ಮೋಸವಿಲ್ಲ.

ಅವನು ಇಳಿದುಹೋದ ಮೇಲೆ ಜಯಮ್ಮ ಸೆರಗು ಸರಿಮಾಡಿಕೊಂಡು ಸಲೀಸಾಗಿ ಕೂತರು. ಎಷ್ಟು ಹಸು ಎಂದು ಕೇಳಿದೆ. ಮೂರು, ಒಂದು ಗಬ್ಬ ಎಂದರು. ಆಮೇಲೆ ವಿಷಯಕ್ಕೆ ಬಂದೆ.

"ಅಮ್ಮ, ಮಗಳಿಗೆ ಈ ದುಡ್ಡು ಯಾಕೆ ಕೊಡ್ತಿದೀರಾ?"

"ಮದ್ವೆಗೆ ಅಂತ ಇತ್ತು ಕಣವ್ವ. ಅವ್ಳು ಮದ್ವೆ ಬ್ಯಾಡ, ದೇಶ ನೋಡ್ತೀನಿ ಅಂದ್ಲು. ನೋಡ್ಲಿ ಬುಡು."

"ವಾಪಸ್ ಕೇಳ್ತೀರಾ?"

ಜಯಮ್ಮ ನಕ್ಕೇಬಿಟ್ಟರು. "ಅರಿಶಿನ ಕುಂಕುಮಕ್ಕೆ ಕೊಟ್ಟಿದ್ದನ್ನ ಯಾರಾದ್ರೂ ವಾಪಸ್ ಕೇಳ್ತಾರೇನವ್ವ? ಕೊಟ್ಮೇಲೆ ಮುಗೀತು. ಅವ್ಳೂ ಏನೂ ಕೇಳಂಗಿಲ್ಲ, ನಾವೂ ಏನೂ ಕೇಳಂಗಿಲ್ಲ."

ಬೇರೆ ಊರಿನವರು ಇದನ್ನು ತಾಯಿಯ ಹಾರೈಕೆ ಎಂದು ಬರೆದುಕೊಂಡಿರುತ್ತಿದ್ದರು. ನಮ್ಮ ಕಡೆ ಹೆಣ್ಣುಮಕ್ಕಳಿಂದ ಜಮೀನಿನ ಹಕ್ಕು ಬಿಡಿಸಿಕೊಂಡು ಸಹಿ ಹಾಕಿಸಿಕೊಳ್ಳುವಾಗ, ಕೈಗೆ ಕೊಡುವ ಹಣಕ್ಕೆ ಅರಿಶಿನ ಕುಂಕುಮದ ಹಣ ಎನ್ನುತ್ತಾರೆ. ನನ್ನ ತಾಯಿಗೆ ಅವರ ತವರಿನಲ್ಲಿ ಒಂದು ಸೀರೆ, ಇಪ್ಪತ್ತು ಸಾವಿರ ಕೊಟ್ಟಿದ್ದರು. ಆ ಸೀರೆಯನ್ನು ಅವರು ಉಟ್ಟದ್ದು ನಾನು ನೋಡಿಲ್ಲ.

"ಜಮೀನು ಎಷ್ಟಿದೆಯಮ್ಮ?" ಎಂದೆ.

"ಎರಡೆಕರೆ. ಅವ್ರಪ್ಪನ ಹೆಸರಲ್ಲೇ ಐತೆ, ಅವ್ರು ಹೋಗಿ ನಾಕು ವರ್ಷ. ಲೇಔಟಿನೋರು ಕೇಳ್ತಾವ್ರೆ. ರಾಜು ಒಬ್ಬನ ಹೆಸರಿಗೆ ಆದ್ರೆ ಬೇಗ ಆಯ್ತದಂತೆ."

ವಿಮಾನ ನಿಲ್ದಾಣದಿಂದ ಅಷ್ಟು ಹತ್ತಿರದ ಎರಡು ಎಕರೆಗೆ ಏನು ಬೆಲೆ ಎಂಬುದು ನಮ್ಮ ಆಫೀಸಿಗೆ ಚಹಾ ತರುವವನಿಗೂ ಗೊತ್ತು. ಎಂಟು ಲಕ್ಷ ಅದರ ಮೂಲೆಗೂ ಸಾಲದು. ನಾನು ಹುಡುಕುತ್ತಿದ್ದದ್ದು ನೇತ್ರಾ ತೀರಿಸಬೇಕಾದ ಸಾಲವನ್ನು. ಅಲ್ಲಿದ್ದದ್ದು ಅವಳಿಗೇ ಸೇರಬೇಕಾದ ಹಣದ ಒಂದು ಚೂರು, ಉಡುಗೊರೆ ಎಂಬ ಹೆಸರಿನಲ್ಲಿ.

ಎದ್ದು ಸರ್ ಹತ್ತಿರ ಹೋಗಿ ಎರಡು ಮಾತಿನಲ್ಲಿ ಹೇಳಿದೆ. ಅವರು ಕನ್ನಡಕ ತೆಗೆದರು.

"ಫೀಸು ಯಾರು ಕಟ್ಟಿದ್ದು?"

"ಅಣ್ಣ."

"ಮತ್ತೆ? ಅವರ ಮನೆ ಪಂಚಾಯ್ತಿ ನಮಗ್ಯಾಕಮ್ಮ? ಪತ್ರ ಸರಿಯಾಗಿದ್ಯಾ, ಕಳ್ಸು."

"ಫೈಲ್ ಯಾರ ಹೆಸರಲ್ಲಿದೆ ಸರ್? ಪ್ರತಿಫಲ ಇಲ್ಲದೆ ಕೊಟ್ಟಿದ್ದು ಅಂತ ಪ್ರಮಾಣ ಮಾಡಿಸ್ಬೇಕು. ಪ್ರತಿಫಲ ಸೋಮವಾರ ರಿಜಿಸ್ಟರ್ ಆಗುತ್ತೆ."

ಸರ್ ಕನ್ನಡಕ ಒರೆಸಿದರು, ಹಾಕಿಕೊಂಡರು, ಗಡಿಯಾರ ನೋಡಿದರು. "ಜೆರಾಕ್ಸ್ ಬರೋದ್ರೊಳಗೆ ಮುಗಿಸು" ಎಂದು ಕಂಪ್ಯೂಟರ್ ಕಡೆ ತಿರುಗಿದರು.

ನೇತ್ರಾಳನ್ನು ಒಳಗೆ ಕರೆದೆ. ಅವಳ ಮನೆಯ ಬಗ್ಗೆ ನಾನೇನೂ ಹೇಳಲಿಲ್ಲ. ಹೇಳುವ ಅಧಿಕಾರ ನನಗಿಲ್ಲ. ಹೇಳಿದ್ದು ಒಂದೇ: "ದುಡ್ಡಿನ ಗಿಫ್ಟ್‌ಗೆ ರಿಜಿಸ್ಟ್ರೇಷನ್ ಬೇಕಾಗಿಲ್ಲ. ನಮ್ಮ ಫೈಲ್‌ಗೆ ಸೋಮವಾರದ ಪೇಪರ್ ಏನಕ್ಕೂ ಬರಲ್ಲ. ಅದು ಯಾವ ಪೇಪರ್ ಅಂತ ನೀವೊಂದ್ಸಲ ತಿಳ್ಕೊಳಿ."

ದಿನಕ್ಕೆ ಸಾವಿರ ಗುಲಾಬಿ ಕಡ್ಡಿಗಳನ್ನು ನೋಡಿ, ಹುಳ ಹಿಡಿದದ್ದನ್ನು ಕೈಯಾಡಿಸಿ ತೆಗೆಯುವವಳು ಅವಳು. ಹೆಚ್ಚು ಹೊತ್ತು ಬೇಕಾಗಲಿಲ್ಲ. ತಾಯಿಯ ಕಡೆ ತಿರುಗಿದಳು.

"ಅಮ್ಮ, ಸೋಮವಾರ ಏನ್ ಬರ್ಕೊಡ್ತಿದೀನಿ ನಾನು?"

ಜಯಮ್ಮ ಮೇಜಿನ ಮೇಲಿದ್ದ ಪಾಸ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಳ್ಳತೊಡಗಿದರು. "ಎಲ್ರೂ ಬರ್ಕೊಟ್ಟಿದ್ದೇ ಕಣೆ. ನಾನು ಕೊಡ್ನಿಲ್ವಾ, ನಮ್ಮವ್ವ ಕೊಡ್ನಿಲ್ವಾ. ನೀನೇನ್ ಇಲ್ಲಿ ಉಳೋಕೆ ಬತ್ತೀಯಾ?"

ಮೆಟ್ಟಿಲ ಮೇಲೆ ಹೆಜ್ಜೆ ಸದ್ದು. ಕೆಂಪರಾಜು ಜೆರಾಕ್ಸ್ ಹಿಡಿದು ನಗುತ್ತಾ ಒಳಗೆ ಬಂದ. ನಗು ಹಾಗೇ ಉಳಿಯಿತು, ಮುಖ ಮಾತ್ರ ಬದಲಾಯಿತು.

"ಅಣ್ಣ, ಗಿಫ್ಟ್ ಅಂತ ಬರೆಸ್ಬೇಡ. ನನ್ನ ಭಾಗ ಅಂತ ಬರೆಸು, ಬಂದು ಸೈನ್ ಹಾಕ್ತೀನಿ."

"ಭಾಗ ಅಂದ್ರೆ ಇಷ್ಟಕ್ಕೆ ಆಗಲ್ಲ. ಗೊತ್ತಾ ನಿನಗೆ?"

"ಗೊತ್ತು. ಅದಕ್ಕೇ ಕೇಳ್ತಿರೋದು."

"ಲೇ, ಅಪ್ಪ ಮಲಗಿದ್ದಾಗ ಎರಡು ವರ್ಷ ಆಸ್ಪತ್ರೆಗೆ ಓಡಾಡ್ದೋನು ಯಾರು? ನೀನು ಹೂ ಎಣಿಸ್ತಾ ಕೂತಿದ್ದೆ."

"ಓಡಾಡಿದ್ದು ನೀನು. ಬಿಲ್ ಕಟ್ಟಿದ್ದು ಹೂ ಎಣಿಸಿದ ಸಂಬಳ. ಅದನ್ನ ಗಿಫ್ಟ್ ಅಂತ ಬರೆಸ್ಕೊಂಡ್ನಾ ನಾನು?"

ಅವನು ನನ್ನ ಕಡೆ ತಿರುಗಿದ. "ಏನ್ ಹೇಳಿದ್ರಿ ಮೇಡಂ ಇವಳಿಗೆ? ಪೇಪರ್ ಮಾಡಿ ಅಂತ ದುಡ್ಡು ಕೊಟ್ರೆ ಮನೆ ಮುರೀತೀರಲ್ಲ!"

ನಾನು ಉತ್ತರಿಸುವ ಮೊದಲೇ ನೇತ್ರಾ ಕೇಳಿದಳು: "ನನ್ನ ಕರೆಗೆ ಇನ್ನೆಷ್ಟು ದಿನ ಇದೆ?"

"ಮೂರು ವಾರ."

ಅವಳು ಗೋಡೆಯ ಕ್ಯಾಲೆಂಡರ್ ನೋಡಿದಳು. ಎಂಟು ಲಕ್ಷ ತಾಯಿಯ ಖಾತೆಯಲ್ಲಿ ಸಿದ್ಧವಾಗಿತ್ತು. ಒಂದು ಸಹಿ ಹಾಕಿದ್ದರೆ ಆ ಬೇಸಿಗೆಗೆ ಅವಳು ಕೆನಡಾದಲ್ಲಿರುತ್ತಿದ್ದಳು. "ಬಿಡಿ" ಎಂದು ತನ್ನ ಫೈಲು ತೆಗೆದುಕೊಂಡು ಇಳಿದುಹೋದಳು. ಜಯಮ್ಮ ಅವಳ ಹಿಂದೆ ಹೋಗಲೋ, ಮಗನ ಜೊತೆ ನಿಲ್ಲಲೋ ತಿಳಿಯದೆ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದರು.

ಕರೆ ಬಿದ್ದುಹೋಯಿತು. ಕೆಂಪರಾಜು ಫೀಸು ವಾಪಸ್ ಕೇಳಿದ. ಸರ್ ಒಂದು ಮಾತೂ ಆಡದೆ ಪೂರ್ತಿ ಕೊಟ್ಟು ಕಳಿಸಿದರು, ತಿಂಗಳ ಕೊನೆಗೆ ನನ್ನ ಮುಂದೆ ಅದನ್ನು ಮೂರು ಸಲ ನೆನಪಿಸಿದರು. ನಾನು ಮಾಡಿದ್ದು ಸರಿಯೇ ಎಂದು ಆ ಚಳಿಗಾಲವೆಲ್ಲ ಯೋಚಿಸಿದ್ದೇನೆ. ಹುಡುಗಿಯೊಬ್ಬಳ ಅವಕಾಶ ಹೋಗಿತ್ತು, ಅಣ್ಣ ತಂಗಿ ಮಾತು ಬಿಟ್ಟಿದ್ದರು. ನಮ್ಮ ಕೆಲಸದಲ್ಲಿ ಸುಳ್ಳು ಪತ್ತೆ ಹಚ್ಚಿದ ದಿನ ಊಟ ರುಚಿಸುತ್ತಿತ್ತು. ಆ ದಿನ ಮಾತ್ರ ಹಾಗಾಗಲಿಲ್ಲ.

ಮುಂದಿನ ವರ್ಷ ಗಣೇಶನ ಹಬ್ಬ ಕಳೆದ ಮೇಲೆ ನೇತ್ರಾ ಮತ್ತೆ ಬಂದಳು. ಅವಳ ಸಹಿ ಇಲ್ಲದೆ ಲೇಔಟಿನವರು ಹಣ ಬಿಚ್ಚಿರಲಿಲ್ಲ. ಕೊನೆಗೆ ಮೂವರೂ ಸೇರಿ ಮಾರಾಟದ ಕರಾರಿಗೆ ಸಹಿ ಹಾಕಿದ್ದರು. ಮುಂಗಡವಾಗಿ ಒಬ್ಬೊಬ್ಬರ ಹೆಸರಿಗೆ ಏಳು ಲಕ್ಷದ ಚೆಕ್ಕು, ಉಳಿದದ್ದು ನೋಂದಣಿಯ ದಿನ. ಅವಳಿಗೆ ಕರೆಯೂ ಮತ್ತೆ ಬಂದಿತ್ತು. ಈ ಸಲ ಫೈಲು ಓದುವಾಗ ನನಗೆ ಕೆಲಸವೇ ಇರಲಿಲ್ಲ. ಪ್ರತಿ ರೂಪಾಯಿಗೂ ತಂದೆ ತಾಯಿ ಇದ್ದರು. ಆದರೆ ತೋರಿಸಬೇಕಾದ ಮೊತ್ತ ಆ ವರ್ಷ ಏರಿತ್ತು, ಅವಳ ಉಳಿತಾಯ ಇಳಿದಿತ್ತು, ನೋಂದಣಿ ಮುಂದಕ್ಕೆ ಹೋಗುತ್ತಲೇ ಇತ್ತು. ಎರಡು ಲಕ್ಷ ಕಡಿಮೆ ಬಿತ್ತು.

"ಯಾರನ್ನಾದ್ರೂ ಕೇಳ್ತೀರಾ?" ಎಂದೆ.

"ಯಾರನ್ನೂ ಕೇಳಲ್ಲ ಮೇಡಂ. ನೋಂದಣಿ ಆಗದಿದ್ರೆ ಈ ಸಲಾನೂ ಬಿಡ್ತೀನಿ."

ಒಂದು ವಾರ ಬಿಟ್ಟು, ಶನಿವಾರ, ಮೆಟ್ಟಿಲು ಹತ್ತಿ ಕೆಂಪರಾಜು ಬಂದ. ಒಬ್ಬನೇ. ಹಿಂದಿನ ನಗು ಇರಲಿಲ್ಲ. ಮೇಜಿನ ಮೇಲೆ ಒಂದು ಕವರ್ ಇಟ್ಟ.

"ಎರಡು ಲಕ್ಷ ಕಮ್ಮಿ ಅಂತಲ್ಲ. ಅಮ್ಮ ಹೇಳಿದ್ರು. ಗಿಫ್ಟ್ ಲೆಟರ್ ಬರ್ಕೊಳಿ."

ನಾನು ಅದರೊಳಗಿನ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆದು ನೋಡಿದೆ. ಅವನ ಏಳು ಲಕ್ಷದ ಮುಂಗಡ, ಅದೇ ಚೆಕ್ಕು, ಅದೇ ದಿನ. ಮೂಲ ಸ್ಪಷ್ಟ. ಎಲ್ಲೋ ಏನೋ ಇರಲೇಬೇಕು ಎಂದು ಇನ್ನೊಮ್ಮೆ ತಿರುವಿದೆ. ಸ್ವಲ್ಪ ಹೊತ್ತು ಅವನನ್ನು ಕಳಿಸಿ ಯೋಚಿಸೋಣ ಎನ್ನಿಸಿತು.

"ಆಧಾರ್..."

"ಜೆರಾಕ್ಸ್ ಮಾಡಿಸ್ಕೊಂಡೇ ಬಂದಿದೀನಿ ಮೇಡಂ" ಎಂದ. "ಎರಡೂ ಕಡೆ."

ಅತ್ತ ಸರ್ ಕೆಮ್ಮಿದರು. ನಾನು ಬರೆದುಕೊಳ್ಳಲು ಹಾಳೆ ತೆಗೆದೆ.

"ಯಾಕೆ ಕೊಡ್ತಿದೀರಾ?"

"ಬರೆಯೋಕೆ ಏನಾದ್ರೂ ಬೇಕಲ್ವಾ? ತಂಗಿ ಅಂತ ಬರ್ಕೊಳಿ."

"ವಾಪಸ್ ಕೇಳ್ತೀರಾ?"

"ನಾವು ಮಾತಾಡೇ ಒಂದು ವರ್ಷ ಆಯ್ತು. ಕೇಳೋದೆಲ್ಲಿಂದ ಬಂತು?"

ಪಡೆಯುವವರಿಗೂ ತಿಳಿಸಬೇಕು, ಅದು ನಿಯಮ. ಅವನ ಎದುರಿನಲ್ಲೇ ನೇತ್ರಾಳಿಗೆ ಫೋನ್ ಮಾಡಿದೆ. ಪಾಲಿಹೌಸಿನ ಫ್ಯಾನುಗಳ ಸದ್ದಿನ ನಡುವೆ ಅವಳ ದನಿ ಕೇಳಿಸಿತು. ವಿಷಯ ಹೇಳಿದೆ.

"ನಾನು ಯಾವ ಪೇಪರ್‌ಗೆ ಸೈನ್ ಹಾಕ್ಬೇಕಂತೆ?"

"ಯಾವುದಕ್ಕೂ ಇಲ್ಲ."

"ಇನ್ನೊಂದ್ಸಲ ಕೇಳಿ ಮೇಡಂ."

ಹನ್ನೆರಡು ವರ್ಷ ನಾನು ಮಾಡಿದ ಕೆಲಸ ಅದೇ, ಇನ್ನೊಂದ್ಸಲ ಕೇಳುವುದು. ಆ ಹೊತ್ತು ಮಾತ್ರ ಬಾಯಿ ಬರಲಿಲ್ಲ. ಅವಳ ದನಿ ಫೋನಿನಿಂದ ಹೊರಗೂ ಕೇಳಿಸಿತ್ತು. ಕೆಂಪರಾಜು ಮೇಜಿನ ಮೇಲಿದ್ದ ನನ್ನ ಪೆನ್ನು ತೆಗೆದುಕೊಂಡ.

"ಅವಳ ಸೈನ್ ಬೇಡ ಅಂತ ಹೇಳಿ" ಎಂದ. "ನಾನೆಲ್ಲಿ ಹಾಕ್ಬೇಕು, ಅದನ್ನ ತೋರ್ಸಿ."